ಬೀಗ ಎಲ್ಲಾ ಸರಿ ಇದ್ವು, ರೇಟ್ ಮಾತ್ರ ದಾಟಿ ಹೋಗಿತ್ತು

ಜನವರಿ ಅಂದ್ರ ಕಲಬುರಗಿ ಗಂಜಿನಾಗ ಕಾಲಿಡ್ಲಾಕ ಜಾಗ ಇರಲ್ಲ, ಎತ್ತ ನೋಡಿದ್ರೂ ತೊಗರಿ ಚೀಲ, ಟ್ರ್ಯಾಕ್ಟರ್, ಟಂಟಂ, ಹಮಾಲರ ಓಡಾಟ. ಅಂಥಾ ಹೊತ್ತಿನಾಗ ನಂಗೊಂದು ಫೋನ್ ಬಂತು. ನಾ ಸಣ್ಣ ಸಣ್ಣ ಆಫೀಸಿನ ಸರ್ವರ್, ನೆಟ್‌ವರ್ಕ್ ನೋಡ್ಕೋತೀನಿ, ಅದರಾಗ ಒಂದು ಲೆಕ್ಕಪತ್ರದ ಆಫೀಸ್ ಅದ, ದಾಲ್ ಮಿಲ್ಲಿನವರದು ಅಡತಿಯವರದು ಜಿಎಸ್‌ಟಿ, ಸ್ಟಾಕ್, ಖರೀದಿ ಪಟ್ಟಿ ಎಲ್ಲಾ ಅಲ್ಲೇ ಬರೀತಾರ. ಸಾಹೇಬ್ರು ಅಂದ್ರು, "ತಮ್ಮಾ, ಕೈಯಾಗಿನ ಕೆಲಸ ಬಿಟ್ಟು ಬಾರಪ್ಪ, ಒಂದು ಮಿಲ್ಲಿನ ಮುನೀಮ್ರು ಬಂದು ಕುಂತಾರ, ಚಾ ಸೈತ ಮುಟ್ಟವಲ್ರು."

ಹೋದೆ. ಮುನೀಮ್ರು ವಯಸ್ಸಾದವರು, ಜೋರಾಗಿ ಏನೂ ಮಾತಾಡ್ಲಿಲ್ಲ. "ನಮ್ಮ ಖರೀದಿ ರೇಟ್ ಆ ಇನ್ನೊಂದು ಮಿಲ್ಲಿನವರಿಗೆ ಹ್ಯಾಂಗ ಗೊತ್ತಾಯ್ತ್ರಿ? ಯಾವ ಅಡತಿ ಅಂಗಡ್ಯಾಗ ಎಷ್ಟು ಕ್ವಿಂಟಲ್ ತಗೊಂಡೀವಿ ಅನ್ನೋದೂ ಅವರ ಬಾಯಾಗ ಬರ್ಲಾಕತ್ತದ" ಅಂದ್ರು ಅಷ್ಟೇ. ಗಂಜಿನ ವ್ಯವಹಾರ ಗೊತ್ತಿದ್ದವರಿಗೆ ಇದು ಎಂಥಾ ಮಾತು ಅಂತ ಗೊತ್ತದ, ಕ್ವಿಂಟಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕಡಿಮಿ ಆದ್ರ ಮಾಲು ಆ ಕಡೆ ಹೋಗ್ತದ. ಆ ಸರ್ವರ್ ನಾನೇ ಕುಂದರ್ಸಿದ್ದು, ಪರ್ಮಿಷನ್ ನಾನೇ ಹಾಕಿದ್ದು, ಆವತ್ತು ರಾತ್ರಿ ನಂಗ ಊಟ ಸೇರ್ಲಿಲ್ಲ.

ಮೊದಲು ಬೀಗ ನೋಡ್ದೆ. ಸರ್ವರ್ ಅಂದ್ರ ಹಳೇ ಐ3 ಮಷೀನ್, 8 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್, ಅದರ ಮ್ಯಾಲ ಸಾಂಬಾ, ಅಂದ್ರ ವಿಂಡೋಸ್ ಪಿಸಿಗಳಿಗೆ ಸರ್ವರಿನ ಫೋಲ್ಡರ್ ತೋರಸೋ ಸಾಫ್ಟ್‌ವೇರ್. 11 ಪಾರ್ಟಿ (ಲೆಕ್ಕ ಬರಸೋ ಗಿರಾಕಿ), 11 ಫೋಲ್ಡರ್, ಒಂದೊಂದಕ್ಕ ಒಂದೊಂದು ಗ್ರೂಪ್. ಕೆಲಸದ ಹುಡುಗ್ರು 6 ಮಂದಿ, ನಾಲ್ವರ ಕೈಯಾಗ ನಾಲ್ಕ್ನಾಲ್ಕು ಪಾರ್ಟಿ, ಇಬ್ಬರ ಕೈಯಾಗ ಮೂರ್ಮೂರು, ಅಂದ್ರ ಪ್ರತಿ ಪಾರ್ಟಿಗೂ ಇಬ್ಬರು ನೋಡೋರು. ಮುಂದಿನ ಕೋಣ್ಯಾಗ ಒಂದು ಪಿಸಿ ಇಟ್ಟಾರ, ಮುನೀಮ್ರು ಬಂದ್ರ ತಮ್ಮ ಪಾಸ್‌ವರ್ಡ್ ಹಾಕಿ ತಮ್ಮ ಫೋಲ್ಡರ್ ಅಷ್ಟೇ ನೋಡ್ಬಹುದು, ಬರೀಲಾಕ ಬರಲ್ಲ. ಇದರ ಜೊತಿಗೆ "ಸಾಮಾನ್ಯ" ಅಂತ ಒಂದು ಫೋಲ್ಡರ್, ನಮೂನಿ ಶೀಟ್, ಎಚ್‌ಎಸ್‌ಎನ್ ಕೋಡ್ ಪಟ್ಟಿ, ಖಾಲಿ ಅರ್ಜಿ ಇಡ್ಲಾಕ, ಅದನ್ನ ಹುಡುಗ್ರು ಎಲ್ಲಾರೂ ಓದಬಹುದು ಎಲ್ಲಾರೂ ಬರೀಬಹುದು. ಒಂದೊಂದೇ ಫೋಲ್ಡರಿನ ಪರ್ಮಿಷನ್ ತಗದು ನೋಡ್ದೆ, ಒಂದೂ ತಪ್ಪಿಲ್ಲ. ಆ ಎರಡನೇ ಮಿಲ್ಲಿನ ಮುನೀಮ್ರು ಮೊದಲನೇ ಮಿಲ್ಲಿನ ಫೋಲ್ಡರ್ ಒಂದು ಸಲಾನೂ ತೆರದಿಲ್ಲ, ತೆರೀಲಾಕ ಸಾಧ್ಯಾನೂ ಇಲ್ಲ. ಸಾಂಬಾದಾಗ ಫುಲ್ ಆಡಿಟ್, ಅಂದ್ರ ಯಾರು ಯಾವ ಫೈಲ್ ಮುಟ್ಟಿದ್ರು ಅಂತ ಬರದಿಡೋ ಲಾಗ್, ಮೊದಲೇ ಹಚ್ಚಿಟ್ಟಿದ್ದೆ, ಅದು ಆವತ್ತು ಉಪಯೋಗ ಆಯ್ತು, ಮೂರು ವಾರದ ಲಾಗ್ ತಗದು ಕುಂತೆ.

ಕಥಿ ಲಾಗಿನಾಗೇ ಇತ್ತು. ಒಬ್ಬ ಹುಡುಗ ಮೊದಲನೇ ಮಿಲ್ಲಿನ ಸ್ಟಾಕ್ ಶೀಟ್ ತೆರದಾನ, ಅದರಾಗಿನ ಫಾರ್ಮುಲಾ ಛಲೋ ಅದ ಅಂತ ಸೇವ್ ಆ್ಯಸ್ ಹೊಡದು "ಸಾಮಾನ್ಯ"ದಾಗ ನಮೂನಿ ಅಂತ ಇಟ್ಟಾನ, ಕಣ್ಣಿಗೆ ಕಂಡ ಸಾಲು ಎಲ್ಲಾ ಅಳಸ್ಯಾನ. ನಾಲ್ಕು ದಿನ ಬಿಟ್ಟು ಇನ್ನೊಬ್ಬ ಹುಡುಗ ಆ ನಮೂನಿ ಎತ್ಕೊಂಡು ಎರಡನೇ ಮಿಲ್ಲಿನ ಫೋಲ್ಡರಿಗೆ ಹಾಕಿ ಅದರಾಗ ಅವರ ಲೆಕ್ಕ ತುಂಬ್ಯಾನ. ಆ ಶೀಟಿನ ಹಿಂದ "ರೇಟ್" ಅಂತ ಒಂದು ಮುಚ್ಚಿಟ್ಟ ಶೀಟ್ ಉಳದಿತ್ತು. ಕೆಳಗಿನ ಟ್ಯಾಬ್ ಮ್ಯಾಲ ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಅಂದ್ರ ಮುಗೀತು, ಮೊದಲನೇ ಮಿಲ್ಲಿನ ಪೂರಾ ಡಿಸೆಂಬರ್ ತಿಂಗಳ ಖರೀದಿ ಎದುರಿಗೆ. ಇಬ್ಬರೂ ಹುಡುಗ್ರು ಕಳ್ಳರಲ್ಲ, ಕೆಲಸ ಬೇಗ ಆಗ್ಲಿ ಅಂತ ಮಾಡ್ಯಾರ, ನಾ ಸಾಹೇಬ್ರಿಗೆ ಮೊದಲು ಹೇಳಿದ್ದು ಇದನ್ನೇ, ಅವರನ್ನ ಬಯ್ಯಬ್ಯಾಡ್ರಿ, ನಾ ಕಟ್ಟಿದ್ದರಾಗ ಕೊರತಿ ಅದ ಅಂತ.

ಕೊರತಿ ಏನಂದ್ರ, ಫೋಲ್ಡರಿನ ಪರ್ಮಿಷನ್ "ಈ ಮನುಷ್ಯ ಈ ಫೈಲ್ ತೆರೀಬಹುದಾ" ಅಂತ ಅಷ್ಟೇ ಕೇಳ್ತದ, ತೆರದು ಓದಿದ ಮ್ಯಾಲ ಆ ವಿಷಯ ಎಲ್ಲಿಗೆ ಹೋಗ್ತದ ಅಂತ ಕೇಳಂಗೇ ಇಲ್ಲ. ಓದಿದ್ದೂ ಕಾಯ್ದೆ ಪ್ರಕಾರ, ಬರದಿದ್ದೂ ಕಾಯ್ದೆ ಪ್ರಕಾರ, ಎರಡೂ ಕೂಡಿದಾಗ ಮಾತ್ರ ಕಾಯ್ದೆ ಮುರೀತದ.

ಇದು ಹಳೇ ರೋಗ. 1973ರಾಗ ಬಟ್ಲರ್ ಲ್ಯಾಂಪ್ಸನ್ ಇದನ್ನ ಬರದಿಟ್ಟಾರ, ನಿನ್ನ ಡೇಟಾ ಓದ್ಲಾಕ ಒಂದು ಪ್ರೋಗ್ರಾಮಿಗೆ ಕೊಟ್ಟ ಮ್ಯಾಲ ಅದು ಹೊರಗ ಸೋರದಂಗ ಹ್ಯಾಂಗ ಕಟ್ಟಿ ಹಾಕ್ತಿ ಅಂತ. ಸುಮಾರು ಅದೇ ಹೊತ್ತಿಗೆ ಮೈಟರ್ ಅನ್ನೋ ಅಮೆರಿಕದ ಸಂಶೋಧನಾ ಸಂಸ್ಥಾದಾಗ ಬೆಲ್ ಮತ್ತ ಲಾಪಡುಲಾ ಅಮೆರಿಕದ ವಾಯುಸೇನಾದ ಸಲುವಾಗಿ ಎರಡು ನಿಯಮ ಹಾಕಿದ್ರು, ಗುಟ್ಟಿನ ಮಟ್ಟದಾಗ ನಿನಗಿಂತ ಮ್ಯಾಲಿನ ಕಾಗದ ಓದಬ್ಯಾಡ, ನಿನಗಿಂತ ಕೆಳಗಿನ ಕಾಗದದಾಗ ಬರೀಬ್ಯಾಡ. ಎರಡನೇದೇ ನಮಗ ಬೇಕಾದದ್ದು. ಆದ್ರ ಮಿಲ್ಲಿನಾಗ ಮ್ಯಾಲ ಕೆಳಗ ಎಲ್ಲದ? ಈ ಮಿಲ್ ಆ ಮಿಲ್ಲಿಗಿಂತ ಗುಟ್ಟಿನದು ಅಂತ ಹೇಳ್ಲಾಕ ಬರಲ್ಲ, ಎರಡೂ ಪಕ್ಕಪಕ್ಕಕ್ಕ ನಿಂತಾವ. ಅದಕ್ಕ 1976ರಾಗ ಡೊರೊತಿ ಡೆನ್ನಿಂಗ್ ಹೇಳಿದ ದಾರಿ ಹಿಡದೆ, ಮಟ್ಟ ಅಲ್ಲ, ಗುಂಪು. ಖಾಲಿ ಗುಂಪಿನಿಂದ (ಯಾರ ಗುಟ್ಟೂ ಇಲ್ಲದ್ದು) ಒಂದನೇ ಮಿಲ್ಲಿಗೆ ವಿಷಯ ಹೋಗಬಹುದು, ಒಂದನೇ ಮಿಲ್ಲಿನಿಂದ ಎರಡೂ ಮಿಲ್ಲಿನದು ಓದೋ ಹಕ್ಕಿದ್ದವರ ಜಾಗಕ್ಕ ಹೋಗಬಹುದು, ಹಿಂದಕ್ಕ ಮಾತ್ರ ಬರಬಾರದು. 1989ರಾಗ ಬ್ರೂವರ್ ಮತ್ತ ನ್ಯಾಶ್ ಬರದದ್ದಂತೂ ನಮ್ಮ ಆಫೀಸ್ ನೋಡೇ ಬರದಂಗ ಅದ, ಒಬ್ಬನೇ ಸಲಹೆಗಾರ ಪೈಪೋಟಿ ಇರೋ ಎರಡು ಕಂಪನಿ ಕಾಗದ ನೋಡಬಾರದು, ಒಂದನ್ನ ಮುಟ್ಟಿದ ಮ್ಯಾಲ ಇನ್ನೊಂದರ ಎದುರು ಗೋಡಿ ಏಳಬೇಕು, ಅದಕ್ಕ ಚೀನಾ ಗೋಡೆ ಅಂತಾರ. ಆದ್ರ 6 ಮಂದ್ಯಾಗ 11 ಪಾರ್ಟಿ ನಡಸೋ ಆಫೀಸಿಗೆ ಆ ಗೋಡಿ ಹಂಗೇ ಎಬ್ಬಿಸಿದ್ರ ಕೆಲಸ ನಿಂತುಹೋಗ್ತದ.

ಮರುದಿನ ಎಲ್ಲೆಲ್ಲಿ ದಾಟಬಹುದು ಅಂತ ಎಣಿಸ್ದೆ. ಪೈಥಾನಿನಾಗ ಸಣ್ಣ ಸ್ಕ್ರಿಪ್ಟ್, ಪ್ರತಿ ಹುಡುಗನಿಗೆ ಅವ ಓದಬಹುದಾದ ಫೋಲ್ಡರ್ ಒಂದು, ಬರೀಬಹುದಾದ ಫೋಲ್ಡರ್ ಇನ್ನೊಂದು ತಗೊಂಡು, ಎರಡನೇದನ್ನ ಓದೋರೊಳಗ ಯಾರಿಗಾದ್ರೂ ಮೊದಲನೇದನ್ನ ಓದೋ ಹಕ್ಕಿಲ್ಲ ಅಂದ್ರ ಒಂದು ಕೆಂಪು ಗೆರಿ. ನಾಲ್ಕು ಪಾರ್ಟಿ ಇದ್ದ ಹುಡುಗನ ಹತ್ರ 12 ಗೆರಿ, ಮೂರು ಇದ್ದವನ ಹತ್ರ 6, ಅಲ್ಲಿಗೆ 60, "ಸಾಮಾನ್ಯ"ದ ಕಡೆ 22, ಒಟ್ಟು 82. ಒಂದೇ ಒಂದು ಪರ್ಮಿಷನ್ ತಪ್ಪಿಲ್ಲದ ಸರ್ವರಿನಾಗ 82 ಸಂದಿ! ಆ ಹಾಳಿ ಪ್ರಿಂಟ್ ತಗದು ಸಾಹೇಬ್ರ ಟೇಬಲ್ ಮ್ಯಾಲಿಟ್ಟೆ, ಅವರು ಕನ್ನಡಕ ತಗದು ಭಾಳ ಹೊತ್ತು ಸುಮ್ನ ಕುಂತ್ರು.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ಈ ಎಣಿಕಿ ಸರಿ ಬರಬೇಕಂದ್ರ ಹಕ್ಕು ಹಂಚೋ ಕೈ ಒಂದೇ ಇರಬೇಕು. ಹ್ಯಾರಿಸನ್, ರುಜ್ಜೊ, ಉಲ್ಮನ್ ಅನ್ನೋ ಮೂವರು 1976ರಾಗೇ ಸಾಬೀತು ಮಾಡ್ಯಾರ, ಬಳಸೋರೇ ಹಕ್ಕು ಹುಟ್ಟಿಸಿ ಬೇಕಾದಂಗ ಹಂಚೋ ವ್ಯವಸ್ಥಾದಾಗ ಒಂದು ಹಕ್ಕು ಮುಂದ ಎಂದಾದ್ರೂ ಬ್ಯಾರೆಯವರ ಕೈ ಸೇರ್ತದೋ ಇಲ್ಲೋ ಅಂತ ಎಲ್ಲಾ ಸಂದರ್ಭಕ್ಕೂ ಲೆಕ್ಕ ಹಾಕಿ ಹೇಳೋ ವಿಧಾನಾನೇ ಇಲ್ಲ. ಅದಕ್ಕ ಹುಡುಗ್ರು ತಮ್ಮ ಫೈಲಿನ ಪರ್ಮಿಷನ್ ತಾವೇ ಬದಲಿಸೋದನ್ನ ಆವತ್ತೇ ಬಂದ್ ಮಾಡಿದೆ.

ಮೊದಲ ರಿಪೇರಿ ಅವಸರದ್ದು. "ಸಾಮಾನ್ಯ"ಕ್ಕ ಯಾರೂ ಬರೀಬಾರದು ಅಂತ ಮಾಡಿ ಮನಿಗೆ ಹೋದೆ. ಒಂದು ವಾರದಾಗ ನಮೂನಿ ಶೀಟ್ ಪೆನ್‌ಡ್ರೈವಿನಾಗ, ವಾಟ್ಸಾಪ್ ಗ್ರೂಪಿನಾಗ ಓಡ್ಯಾಡ್ಲಾಕ ಸುರು ಆದ್ವು, ಅಲ್ಲಿ ಲಾಗೂ ಇಲ್ಲ ಏನೂ ಇಲ್ಲ. ಆ ರಿಪೇರಿ ತಗದು ಹಾಕಿದೆ.

ಎರಡನೇದು ಖರೇ ಕೆಲಸ. ನನ್ನ ವಿಚಾರ ಹಿಂಗಿತ್ತು: ಪ್ರತಿ ಫೋಲ್ಡರಿಗೆ ಒಂದು ಚೀಟಿ, ಯಾರು ಆ ಫೋಲ್ಡರಿನ ಫೈಲ್ ಓದ್ತಾರೋ ಅವರಿಗೆ ಆ ಚೀಟಿ ಅಂಟಬೇಕು, ಅವರು ಎಲ್ಲಿಯಾದ್ರೂ ಬರೀಲಾಕ ಹೋದಾಗ ಮೈಮ್ಯಾಲಿನ ಚೀಟಿ ಎಲ್ಲಾ ನೋಡಬೇಕು, ಬರಿಯೋ ಜಾಗ ಓದೋರಿಗೆಲ್ಲಾ ಆ ಎಲ್ಲಾ ಚೀಟಿ ಓದೋ ಹಕ್ಕು ಇದ್ರ ಬಿಡಬೇಕು, ಇಲ್ಲಾಂದ್ರ ತಡೀಬೇಕು. ಫೈಲ್‌ಸಿಸ್ಟಮ್ ಹೊಸದಾಗಿ ಬರೆಯೋ ಜರೂರತ್ ಇಲ್ಲ, ಲಿನಕ್ಸಿನಾಗ ಫ್ಯೂಸ್ ಅಂತ ಅದ, ನಡುವ ಒಂದು ಪದರ ಕುಂದರ್ಸಿ ಓಪನ್, ರೀಡ್, ರೈಟ್, ರಿನೇಮ್ ಎಲ್ಲಾ ನಮ್ಮ ಕೈ ಮ್ಯಾಲ ಹಾದು ಹೋಗುವಂಗ ಮಾಡಬಹುದು. ಚೀಟಿ ಫೋಲ್ಡರಿನ ಎಕ್ಸ್‌ಟೆಂಡೆಡ್ ಆ್ಯಟ್ರಿಬ್ಯೂಟಿನಾಗ (ಫೈಲ್ ಫೋಲ್ಡರಿಗೆ ಅಂಟಿಸೋ ಹೆಚ್ಚಿನ ಟಿಪ್ಪಣಿ), ಯಾರಿಗೆ ಯಾವ ಚೀಟಿ ಅಂಟ್ಯದ ಅನ್ನೋದು ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸಿನಾಗ. ರಿನೇಮ್ ಮರೀಬಾರದು, ಯಾಕಂದ್ರ ಎಕ್ಸೆಲ್ ಸೇವ್ ಮಾಡುವಾಗ ಫೈಲಿನಾಗ ನೇರ ಬರಿಯಂಗಿಲ್ಲ, ಪಕ್ಕಕ್ಕ ಒಂದು ಟೆಂಪ್ ಫೈಲ್ ಬರದು ಆಮ್ಯಾಲ ಹೆಸರು ಬದಲಿಸ್ತದ. ಫೈಲನ್ನ ಒಂದು ಫೋಲ್ಡರಿಂದ ಇನ್ನೊಂದಕ್ಕ ಸರಸೋದೂ ಬರದಂಗೇ ಲೆಕ್ಕ.

ಎರಡು ದಿನ ಒಂದು ತ್ರಾಸು ಬಿಡಲೇ ಇಲ್ಲ. ಸಾಂಬಾ ಪ್ರತಿ ಕನೆಕ್ಷನಿಗೆ ಒಂದು ಪ್ರೊಸೆಸ್ ಹುಟ್ಟಿಸ್ತದ, ಆ ನಂಬರ್ ಹಿಡದು ಸೆಷನ್ (ಒಬ್ಬ ಒಳಗ ಬಂದು ಹೊರಗ ಹೋಗೋ ತನಕದ ಕೆಲಸ) ಗುರ್ತು ಮಾಡಿದ್ರಾಯ್ತು ಅಂದ್ಕೊಂಡಿದ್ದೆ, ಆದ್ರ ಒಬ್ಬನೇ ಹುಡುಗ ಒಂದೇ ಫೈಲ್ ಓದಿದ್ರ ಲಾಗಿನಾಗ ಮೂರ್ನಾಲ್ಕು ಬ್ಯಾರೆ ಬ್ಯಾರೆ ನಂಬರ್ ಬರ್ಲಾಕತ್ವು, ಚೀಟಿ ಒಂದಕ್ಕ ಅಂಟಿದ್ರ ಬರಿಯೋದು ಇನ್ನೊಂದು. ಕಡೀಗೆ ತಿಳೀತು, ಸಾಂಬಾ ಓದೋ ಕೆಲಸ ಥ್ರೆಡ್ಡಿಗೆ (ಒಂದು ಪ್ರೊಸೆಸ್ ಒಳಗಿನ ಸಣ್ಣ ಕೆಲಸದ ಎಳಿ) ಹಚ್ತದ, ಫ್ಯೂಸ್ ನಮಗ ಕೊಡೋದು ಆ ಥ್ರೆಡ್ಡಿನ ನಂಬರ್, ಪ್ರೊಸೆಸ್ಸಿಂದಲ್ಲ. ಲಿನಕ್ಸ್ ತನ್ನ ಪ್ರೊಸೆಸ್ಸಿನ ಮಾಹಿತಿ ತೋರಸೋ ಪ್ರೊಕ್ ಫೋಲ್ಡರಿನಾಗ ಆ ನಂಬರಿನ ಸ್ಟೇಟಸ್ ತೆರದು ಟಿಜಿಐಡಿ ಅನ್ನೋ ಸಾಲು ಓದಿದ್ರ ಅಸಲಿ ಪ್ರೊಸೆಸ್ ಸಿಗ್ತದ. ಯಾರಾದ್ರೂ ಇಂಥದ್ದು ಕಟ್ಟೋರಿದ್ರ ಇದನ್ನ ಮೊದಲೇ ತಲ್ಯಾಗ ಇಟ್ಕೋರಿ.

ಸೋಮವಾರ ಮುಂಜಾನಿ ಚಾಲೂ ಮಾಡಿದ್ವಿ. 11 ಗಂಟೆಕ್ಕ ಆಫೀಸ್ ನಿಂತು ಹೋಯ್ತು. ಯಾರಿಗೂ ಏನೂ ಸೇವ್ ಆಗವಲ್ದು. ನೋಡಿದ್ರ ಎಲ್ಲಾರ ಮೈಮ್ಯಾಲೂ ಅವರವರ ಎಲ್ಲಾ ಪಾರ್ಟಿ ಚೀಟಿ ಅಂಟ್ಕೊಂಡಾವ, ಒಬ್ಬರೂ ಅಷ್ಟು ಫೈಲ್ ತೆರದಿಲ್ಲ. ತೆರದದ್ದು ವಿಂಡೋಸ್! ಫೋಲ್ಡರ್ ಒಳಗ ಹೋಗಿ ನಿಂತ್ರ ಸಾಕು, ಪ್ರಿವ್ಯೂ ತೋರಿಸ್ಲಾಕ ಅದು ತಾನೇ ಫೈಲ್ ಓದ್ತದ, ಆ್ಯಂಟಿವೈರಸ್ ಬಂದು ಮತ್ತ ಓದ್ತದ. ಅದರ ಮ್ಯಾಲ ಎಕ್ಸೆಲ್ ಒಂದು ಫೈಲ್ ತೆರದ ಕೂಡ್ಲೇ ಪಕ್ಕಕ್ಕ ಲಾಕ್ ಫೈಲ್ ಬರೀತದ, ಅದನ್ನೂ ನಮ್ಮ ಪದರ ತಡದ್ರ ಫೈಲ್ ಓದ್ಲಾಕ ಅಷ್ಟೇ ತೆರಕೋತದ. ಸೆಷನ್ ಪೂರ್ತಿ ಚೀಟಿ ಏರ್ತಾ ಹೋಗೋದು, ಇಳಿಯೋದೇ ಇಲ್ಲ, ಈ ಪದ್ಧತಿ 1969ರ ಅಡೆಪ್ಟ್-50 ಅನ್ನೋ ಸಿಸ್ಟಮ್ ಕಾಲದಿಂದ ಅದ, ಅದರ ಈ ಕಷ್ಟಾನೂ ಅಷ್ಟೇ ಹಳೇದು.

ಅವತ್ತಿನ ಮಧ್ಯಾಹ್ನದ್ದು ನಂಗ ಇನ್ನೂ ಮನಸಿಗೆ ಹತ್ತ್ಯದ. ಒಬ್ಬ ಹುಡುಗ, ಕೆಲಸಕ್ಕ ಸೇರಿ ಎರಡು ತಿಂಗಳಾಗಿತ್ತು, ಬಾರ್ದಾನ (ಖಾಲಿ ಚೀಲ) ಲೆಕ್ಕ ಎರಡು ತಾಸು ಕುಂತು ತುಂಬ್ಯಾನ, ಸೇವ್ ಒತ್ತಿದ್ರ ತಗೊಳವಲ್ದು, ಯಾಕ ಅಂತಾನೂ ಹೇಳವಲ್ದು. ಗಾಬ್ರಿ ಆಗಿ ಮುಚ್ಚ್ಯಾನ, ಎಲ್ಲಾ ಹೋಯ್ತು. "ಅಣ್ಣಾ, ನಾ ಏನ್ ತಪ್ಪು ಮಾಡ್ದೆ?" ಅಂತ ಕೇಳ್ದ. ಅವ ಏನೂ ತಪ್ಪು ಮಾಡಿರಲಿಲ್ಲ. ಬರಿಯೋ ಹೊತ್ತಿನಾಗ ತಡಿಯೋದು ಪುಸ್ತಕದ ಲೆಕ್ಕದಾಗ ಸರಿ, ಎಷ್ಟು ಬೇಕೋ ಅಷ್ಟೇ ತಡೀತದ, ಆದ್ರ ಅಲ್ಲಿ ತನಕ ಮಾಡಿದ ದುಡಿಮಿ ನೀರಿಗೆ ಹೋಗ್ತದ. ಓದೋ ಹೊತ್ತಿನಾಗ ತಡದ್ರ ಒಮ್ಮೊಮ್ಮೆ ಬ್ಯಾಡಾದ್ದೂ ತಡದಂಗ ಆಗ್ತದ, ಖರೆ, ಆದ್ರ ಮನುಷ್ಯನಿಗೆ ಕೆಲಸ ಸುರು ಮಾಡೋಕಿಂತ ಮೊದಲೇ ಗೊತ್ತಾಗ್ತದ. ನಾ ಎರಡನೇದಕ್ಕ ಬಂದೆ, ಇವತ್ತಿಗೂ ಅದೇ ಸರಿ ಅಂತೀನಿ. ಆ ಬಾರ್ದಾನ ಲೆಕ್ಕ ಸಂಜಿ ತನಕ ನಾನೂ ಅವನ ಜೊತಿ ಕುಂತು ಮತ್ತ ತುಂಬ್ದೆ.

ಮೂರನೇದು ಈಗ ನಡದಿರೋದು. ಮೊದಲು ಪಾರ್ಟಿ ಆರಿಸು, ಆಮ್ಯಾಲ ಕೆಲಸ. ಹುಡುಗ ತನ್ನ ಪಿಸಿಯಿಂದ ರಿಮೋಟ್ ಡೆಸ್ಕ್‌ಟಾಪ್ ಮ್ಯಾಲ ಸರ್ವರಿಗೆ ಬರ್ತಾನ, ಎಕ್ಸ್‌ಆರ್‌ಡಿಪಿ ಅನ್ನೋ ಸಾಫ್ಟ್‌ವೇರ್ ಹಾಕೀನಿ, ಸರ್ವರಿನ ಪರದಿ ಅವನ ಪಿಸಿಯಾಗ ಕಾಣ್ತದ, ಬಂದ ಕೂಡ್ಲೇ ಒಂದು ಪಟ್ಟಿ, ಇವತ್ತು ಯಾವ ಪಾರ್ಟಿ ಅಂತ. ಆರಿಸಿದ್ರ ಆ ಫೋಲ್ಡರ್ ಮತ್ತ "ಸಾಮಾನ್ಯ" ಎರಡೇ ಕಾಣ್ತಾವ, ಉಳಿದದ್ದು ಇಲ್ಲವೇ ಇಲ್ಲ ಅನ್ನಂಗ. ಒಬ್ಬ ಹುಡುಗನಿಗೆ ಒಂದು ಹೊತ್ತಿಗೆ ಒಂದೇ ಸೆಷನ್. ಪಾರ್ಟಿ ಬದಲಿಸಬೇಕಂದ್ರ "ಬದಲಿ" ಒತ್ತಬೇಕು, ಅವನ ಎಲ್ಲಾ ಪ್ರೋಗ್ರಾಮ್ ಮುಚ್ತಾವ, ಹೋಮ್ ಫೋಲ್ಡರ್ ರ‍್ಯಾಮಿನಾಗೇ ಇರೋದು ಅದು ಅಳಸಿ ಹೋಗ್ತದ, ಚೀಟಿ ತೆಗೀತೀವಿ, ಹೊಸಾ ಸೆಷನ್. ಕ್ಲಿಪ್‌ಬೋರ್ಡ್ ಮತ್ತ ಡ್ರೈವ್ ಹಂಚೋದು ಎಕ್ಸ್‌ಆರ್‌ಡಿಪಿ ಸೆಟ್ಟಿಂಗಿನಾಗ ಬಂದ್, ಇಲ್ಲಾಂದ್ರ ಒಂದು ಕಿಟಕಿಯಿಂದ ಕಾಪಿ ಮಾಡಿ ಹೊರಗ ಪೇಸ್ಟ್ ಮಾಡಿದ್ರ ಇಷ್ಟೆಲ್ಲಾ ಕಟ್ಟಿದ್ದು ವ್ಯರ್ಥ. ಎಕ್ಸೆಲ್ ಬದಲು ಲಿಬ್ರೆಆಫೀಸ್, ಮೊದಲ ವಾರ ಗುಣುಗುಣು ಅಂದ್ರು, ಆಮ್ಯಾಲ ರೂಢಿ ಆಯ್ತು. ರ‍್ಯಾಮ್ 16 ಜಿಬಿ ಮಾಡ್ಬೇಕಾಯ್ತು. ಫ್ಯೂಸ್ ಪದರ ಹಂಗೇ ಇಟ್ಟೀನಿ, ಈಗ ಅದು ಕಾವಲು ಅಷ್ಟೇ, ತಡಿಯೋ ಪ್ರಸಂಗ ಅಪರೂಪ. ಟ್ಯಾಲಿ ಬ್ಯಾರೆ ಮಷೀನಿನಾಗ ಅದ, ಅದರ ಕಥಿ ಇಲ್ಲಿಲ್ಲ.

ನಮೂನಿ ಶೀಟಿನದು ಉಳೀತು. ಒಂದು ಪಾರ್ಟಿ ಚೀಟಿ ಇರೋದನ್ನ "ಸಾಮಾನ್ಯ"ಕ್ಕ ಇಳಸೋ ಹಕ್ಕು ಸಾಹೇಬ್ರ ಒಬ್ಬರಿಗೇ ಕೊಟ್ಟೆ, ಆದ್ರ ಅವರು ಕಣ್ಣಿಲೇ ನೋಡಿ ಹೂಂ ಅಂದ್ರ ಮತ್ತ ಅದೇ ಆಗ್ತದಲ್ಲ, ಅದಕ್ಕ ಒಂದು ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಬಿಚ್ಚಿ ಅವರ ಎದುರಿಗೇ ಹರವಿದೆ. ಅದು ಒಳಗ ಜಿಪ್ ಫೈಲೇ. ಬಿಚ್ಚಿದ್ರ ವರ್ಕ್‌ಬುಕ್ ಅನ್ನೋ ಎಕ್ಸ್‌ಎಂಎಲ್ ಸಿಗ್ತದ, ಅದರಾಗ ಮುಚ್ಚಿಟ್ಟ ಶೀಟಿನ ಹೆಸರಿನ ಮುಂದ ಹಿಡನ್ ಅಥವಾ ವೆರಿ ಹಿಡನ್ ಅಂತ ಬರದಿರ್ತದ, ವೆರಿ ಹಿಡನ್ ಆದ್ರಂತೂ ಟ್ಯಾಬ್ ಮ್ಯಾಲ ರೈಟ್ ಕ್ಲಿಕ್ ಮಾಡಿದ್ರೂ ಪಟ್ಟ್ಯಾಗ ಕಾಣಂಗಿಲ್ಲ. ಬ್ಯಾರೆ ಫೈಲಿಗೆ ಲಿಂಕ್ ಹಾಕಿದ್ರ ಆ ಬ್ಯಾರೆ ಫೈಲಿನ ಹಳೇ ಅಂಕಿ ಇದರೊಳಗೇ ಉಳಕೊಂಡಿರ್ತಾವ, ಮೂಲ ಫೈಲ್ ಎದುರಿಗೆ ಇಲ್ಲದಿದ್ರೂ. ಪಿವೋಟ್ ಟೇಬಲ್ ಇದ್ರ ಅದರ ಕ್ಯಾಶಿನಾಗ (ಒಳಗ ಉಳಸಿಟ್ಟ ಪ್ರತಿ) ಮೂಲ ಸಾಲು ಪೂರಾ ಕುಂತಿರಬಹುದು, ಶೀಟಿನಾಗ ಅಳಸಿದ್ರೂ. ಸಾಹೇಬ್ರು ಆ ಲಿಂಕಿನ ಹಿಂದ ಉಳಕೊಂಡ ಒಂದು ಅಂಕಿ ಗುರ್ತು ಹಿಡದ್ರು, ಎರಡು ವರ್ಷದ ಹಿಂದಿನದು, ಈಗ ಅವರ ಹತ್ರ ಇಲ್ಲದ ಪಾರ್ಟಿದು. ಅಂದಿನಿಂದ ನಿಯಮ ಒಂದೇ, ಹಳೇ ಶೀಟ್ ಅಳಸಿ ನಮೂನಿ ಮಾಡಂಗಿಲ್ಲ. ಸ್ಕ್ರಿಪ್ಟ್ ತಲಿಬರಹದ ಸಾಲು ಮತ್ತ ಫಾರ್ಮುಲಾ ಮಾತ್ರ ಎತ್ಕೊಂಡು ಹೊಸಾ ಫೈಲ್ ಹುಟ್ಟಸ್ತದ, ಸಾಹೇಬ್ರು ಅದನ್ನ ಓದಿ ಬಿಡ್ತಾರ.

ಆಮ್ಯಾಲ ಪರೀಕ್ಷಾ. ಸುಳ್ಳು ಪಾರ್ಟಿ ಎರಡು ಮಾಡಿ ಒಂದರಾಗ ಬ್ಯಾರೆಲ್ಲೂ ಇರದ ಒಂದು ಅಂಕಿ ಬರದಿಟ್ಟು, ಒಂದು ಶನಿವಾರ ಸಂಜಿಕ ಸುಸಲಾ ಮಿರ್ಚಿ ತರ್ಸಿ ಹುಡುಗ್ರಿಗೆ ಅಂದೆ, ಹ್ಯಾಂಗಾದ್ರೂ ಮಾಡಿ ಇದನ್ನ ಆ ಕಡೆ ದಾಟ್ಸ್ರಿ, ಮೊಬೈಲ್ ಬಿಟ್ಟು. ಮೂರು ದಾರಿ ಸಿಕ್ವು. ಒಂದು, ಟೆಂಪ್ ಫೋಲ್ಡರ್ ಎಲ್ಲಾ ಸೆಷನ್ನಿಗೂ ಒಂದೇ ಇತ್ತು, ಲಿಬ್ರೆಆಫೀಸ್ ಅಲ್ಲಿ ತನ್ನ ತುಣುಕು ಬಿಟ್ಟು ಹೋಗ್ತದ, ಪ್ಯಾಮ್ ನೇಮ್‌ಸ್ಪೇಸ್ ಅನ್ನೋ ಲಿನಕ್ಸ್ ಸೌಲಭ್ಯ ಹಾಕಿ ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಟೆಂಪ್ ಕೊಟ್ಟು, ಬದಲಿ ಒತ್ತಿದಾಗ ಅದನ್ನೂ ಅಳಸುವಂಗ ಮಾಡಿದೆ. ಎರಡು, ಪ್ರಿಂಟ್ ಆದ ಮ್ಯಾಲೂ ಸ್ಪೂಲಿನಾಗ (ಪ್ರಿಂಟಿಗೆ ಕಾಯೋ ಫೈಲ್ ಇಡೋ ಜಾಗ) ಫೈಲ್ ಉಳದಿತ್ತು, ಬದಲಿ ಒತ್ತಿ ಬಂದ ಮ್ಯಾಲೂ ರೀಪ್ರಿಂಟ್ ಹೊಡೀಬಹುದಿತ್ತು, ಅದನ್ನೂ ಬಂದ್ ಮಾಡಿದೆ. ಮೂರನೇದು ಆ ಬಾರ್ದಾನ ಹುಡುಗನೇ ಕಂಡು ಹಿಡದ, "ಸಾಮಾನ್ಯ"ದಾಗಿನ ಒಂದು ಫೈಲ್ ಒಬ್ಬ ಲಾಕ್ ಮಾಡೋದು ಬಿಡೋದು, ಇನ್ನೊಬ್ಬ ಬ್ಯಾರೆ ಪಾರ್ಟಿ ಸೆಷನ್ನಿನಿಂದ ಅದನ್ನ ನೋಡ್ಕೋತ ಅಂಕಿ ಬರಕೊಳ್ಳೋದು, ಒಂದೂ ಅಕ್ಷರ ಬರೀದೇ ದಾಟಿಸ್ದ! ಫೈಲ್ ಲಾಕ್‌ಲೇ ಸುದ್ದಿ ದಾಟಸಬಹುದು ಅಂತ ಲ್ಯಾಂಪ್ಸನ್ 1973ರಾಗೇ ಬರದಾರ, ನಮ್ಮ ಹುಡುಗ ಅದನ್ನ ಓದಿದವನಲ್ಲ, ನಂಗ ಭಾಳ ಖುಷಿ ಆಯ್ತು. "ಸಾಮಾನ್ಯ"ವನ್ನ ಈಗ ಪ್ರತಿ ಸೆಷನ್ನಿಗೆ ಓದ್ಲಾಕ ಅಷ್ಟೇ ಒಂದು ಪ್ರತಿ ಕೊಡ್ತೀನಿ, ಲಾಕ್ ಹಾಕಿದ್ರ ಅವನ ಪ್ರತಿಗೆ ಅಷ್ಟೇ. ಮೊಬೈಲ್ ಕ್ಯಾಮೆರಾ ಮತ್ತ ಮನುಷ್ಯನ ತಲಿ, ಇವೆರಡಕ್ಕ ನನ್ನ ಹತ್ರ ಚೀಟಿ ಇಲ್ಲ, ಸಾಹೇಬ್ರಿಗೆ ಅದನ್ನ ಕಾಗದದ ಮ್ಯಾಲೇ ಬರದು ಕೊಟ್ಟೀನಿ.

ಮಾರ್ಚ್ ಕಡೀ ವಾರ ಆ ಹಿರೇ ಮುನೀಮ್ರು ಮತ್ತ ಬಂದಿದ್ರು, ಈ ಸಲ ಚಾ ಕುಡದ್ರು. "ನನ್ನ ಫೋಲ್ಡರ್ ಯಾರ್ಯಾರು ತೆರದಾರ ಅಂತ ನಂಗೂ ತೋರಸ್ಲಾಕ ಬರ್ತದೇನ್ ತಮ್ಮಾ?" ಅಂದ್ರು. ಬರ್ತದ್ರಿ ಅಂದೆ. ಮನಿಗೆ ಬಂದು ಆ ರಿಪೋರ್ಟ್ ಬರೀಲಾಕ ಕುಂತಾಗ ಹೊಳೀತು, ಲಾಗ್ ಅನ್ನೋದೂ ಒಂದು ಫೈಲೇ, ಅದಕ್ಕ 11 ಪಾರ್ಟಿ ಚೀಟಿನೂ ಅಂಟ್ಯಾವ. ಯಾವ ಹುಡುಗ ಎಷ್ಟು ಗಂಟೆಕ್ಕ ಇವರ ಫೋಲ್ಡರ್ ಬಿಟ್ಟ ಅಂತ ತೋರಿಸಿದ್ರ, ಆಮ್ಯಾಲ ಅವ ಬ್ಯಾರೆ ಪಾರ್ಟಿ ಕೆಲಸ ಎಷ್ಟು ಹೊತ್ತು ಮಾಡ್ದ ಅನ್ನೋದು ತಾನೇ ತಿಳೀತದ. ಅದಕ್ಕ ಅವರ ಚೀಟಿ ಇರೋ ಸಾಲು ಮಾತ್ರ, ಅದರಾಗೂ ಹುಡುಗನ ಹೆಸರು, ಫೈಲು, ತಾರೀಖು ಇಷ್ಟೇ ಇಟ್ಟು, ಗಂಟಿ ತಗದು ಹಾಕಿ ಪ್ರಿಂಟ್ ಕೊಟ್ಟೆ.